ಮಾರುವ ಕಾರಿನ ಬಣ್ಣ ಕೆಟ್ಟಿದೆಯೇ? ಪೇಂಟ್ ಹೊಡೆಸುವ ಮುನ್ನ ದೋಷದ ಆಳ ನೋಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಏಳೆಂಟು ವರ್ಷ ಓಡಿದ ಕಾರು ಮಾರಾಟಕ್ಕೆ ನಿಂತಾಗ ಬಹುತೇಕ ಇವೇ ದೋಷಗಳು ಕಾಣುತ್ತವೆ. ಬಾಗಿಲುಗಳ ಉದ್ದಕ್ಕೂ ತೋಟದ ರಸ್ತೆಯಲ್ಲಿ ಕಾಫಿ ರೆಂಬೆ ತರಚಿದ ಗೆರೆಗಳು, ಬಾನೆಟ್ಟಿನ ಮುಂಭಾಗದಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಜಲ್ಲಿ ಸಿಡಿದ ಚುಕ್ಕೆಗಳು, ಛಾವಣಿಯ ಮೇಲೆ ಮಂಕು, ಬಾಗಿಲಿನ ಕೆಳ ಅಂಚಿನಲ್ಲಿ ಒಂದೆರಡು ಗುಳ್ಳೆ. ನೋಡಿದವರು ಕೊಡುವ ಸಲಹೆಯೂ ಒಂದೇ: "ಅಣ್ಣಾ, ಇಡೀ ಗಾಡಿಗೆ ಒಂದು ಕೋಟ್ ಹೊಡೆಸಿಬಿಡಿ, ಒಳ್ಳೆ ರೇಟ್ ಬರುತ್ತದೆ."

ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಕಾರಿಗೆ ಹೊಸ ಪೇಂಟ್ ಕಂಡ ಕೂಡಲೇ ಕೊಳ್ಳುವವರ ಮನಸ್ಸಿಗೆ ಬರುವ ಮೊದಲ ಪ್ರಶ್ನೆ, ಗಾಡಿ ಎಲ್ಲಿ ಗುದ್ದಿತ್ತು ಎಂಬುದು. ಗೆರೆಗಳಿರುವ ಕಂಪನಿ ಪೇಂಟನ್ನು ಅವರು ನಂಬುತ್ತಾರೆ. ಥಳಥಳ ಹೊಳೆಯುವ ಹೊಸ ಪೇಂಟನ್ನು ಅನುಮಾನಿಸುತ್ತಾರೆ. ಅಲ್ಲದೆ ಕಣ್ಣಿಗೆ ಕಾಣುವ ದೋಷಗಳಲ್ಲಿ ಹೆಚ್ಚಿನವು ಪೇಂಟ್ ಬೇಡದೆಯೇ ಹೋಗುವಂಥವು. ಪೇಂಟ್ ಬೇಕಾದವು ಕೆಲವೇ. ಯಾವುದು ಯಾವ ಗುಂಪಿನದು ಎಂದು ಮನೆಯಂಗಳದಲ್ಲಿಯೇ ಪತ್ತೆ ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದರಗಳ ಲೆಕ್ಕ

ಈಗಿನ ಕಾರುಗಳ ತಗಡಿನ ಮೇಲೆ ನಾಲ್ಕು ಪದರಗಳಿರುತ್ತವೆ. ತುಕ್ಕು ತಡೆಯಲು ಕಾರ್ಖಾನೆಯಲ್ಲಿ ವಿದ್ಯುತ್ ಹಾಯಿಸಿ ಕೂರಿಸಿದ ತಳ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಲ್ಯಾಕರ್. ಇವೆಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕೆಲವು ಸಣ್ಣ ಕಾರುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅದರಲ್ಲಿ ಲ್ಯಾಕರಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು ಕೊಡುವುದೂ ಬಿಸಿಲನ್ನು ತಡೆಯುವುದೂ ಈ ಲ್ಯಾಕರೇ. ಪಾಲಿಶ್ ಎಂದರೆ ಈ ತೆಳು ಪದರವನ್ನು ಇನ್ನಷ್ಟು ತೆಳುವಾಗಿಸುವ ಕೆಲಸ. ಆದ್ದರಿಂದಲೇ ಕಂಡದ್ದಕ್ಕೆಲ್ಲ ರಬ್ಬಿಂಗ್ ಹಾಕುವುದು ತಪ್ಪು.

ಗೆರೆ ಲ್ಯಾಕರಿನಲ್ಲಿದ್ದರೆ ಪಾಲಿಶ್ ಸಾಕು. ಬಣ್ಣಕ್ಕೆ ಇಳಿದಿದ್ದರೆ ಟಚಪ್, ಅಂದರೆ ಆ ಜಾಗಕ್ಕಷ್ಟೇ ಬಣ್ಣ ತುಂಬುವ ಕೆಲಸ ಬೇಕು. ತಗಡಿಗೆ ಮುಟ್ಟಿದ್ದರೆ ತುಕ್ಕು ತಡೆಯುವ ಕೆಲಸ ಮೊದಲು, ಅಂದ ಆಮೇಲೆ. ಮುಂದಿನ ಎಲ್ಲ ಪರೀಕ್ಷೆಗಳೂ ಈ ಮೂರರಲ್ಲಿ ಯಾವುದೆಂದು ತಿಳಿಯಲಿಕ್ಕೆ.

ತೊಳೆಯದೆ ನೋಡಬೇಡಿ

ಕೊಳೆ ಮೆತ್ತಿದ ಕಾರಿನಲ್ಲಿ ದೋಷ ಹುಡುಕಿದರೆ ಅರ್ಧ ತಪ್ಪು ಲೆಕ್ಕವೇ ಸಿಗುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಕಾರ್ ಶಾಂಪೂ ಹಾಕಿ ತೊಳೆಯಿರಿ. ಬಟ್ಟೆ ಒಗೆಯುವ ಪುಡಿ ಬೇಡ. ಚಕ್ರದ ಮೇಲಿನ ಕಮಾನಿನ ಒಳಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ತೋಟದ ಕೆಂಪು ಮಣ್ಣು ಅಲ್ಲಿ ಕೂತು ಬೇಸಗೆಯಲ್ಲೂ ತೇವ ಹಿಡಿದಿಟ್ಟಿರುತ್ತದೆ. ಗಾಜಿನ ರಬ್ಬರಿನ ಸಂದಿಯಲ್ಲಿ ಬೆಳೆದ ಹಸಿರು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಮಲೆನಾಡಿನ ಕಾರಿಗೆ ಈ ಪಾಚಿಯೊಂದು ಹೋದರೇ ಎರಡು ವರ್ಷ ಪ್ರಾಯ ಕಡಿಮೆಯಾದಂತೆ ಕಾಣುತ್ತದೆ.

ಒರೆಸಿ ಒಣಗಿದ ಮೇಲೆ ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ, ಬೆರಳ ತುದಿಯನ್ನು ಬಾನೆಟ್ಟಿನ ಮೇಲೆ ಹಗುರವಾಗಿ ಎಳೆಯಿರಿ. ಬರಿಗೈಗೆ ನುಣ್ಣಗೆ ಅನ್ನಿಸಿದ ಜಾಗ ಚೀಲದೊಳಗಿಂದ ಉಪ್ಪುಕಾಗದದಂತೆ ಸದ್ದು ಮಾಡುತ್ತದೆ. ಹಾಗಾದರೆ ಬ್ರೇಕಿನ ಕಬ್ಬಿಣದ ಪುಡಿ, ಮರದ ಅಂಟು, ಟಾರಿನ ಹನಿ ಅಥವಾ ಪಕ್ಕದಲ್ಲಿ ಗೇಟಿಗೆ ಬಣ್ಣ ಸಿಂಪಡಿಸಿದಾಗ ಬಿದ್ದ ತುಂತುರು ಮೇಲೆ ಅಂಟಿಕೊಂಡಿದೆ ಎಂದರ್ಥ. ಬಣ್ಣ ಕೆಟ್ಟಿಲ್ಲ, ಕೊಳೆ ಕೂತಿದೆ. ಟಾರನ್ನು ಸೀಮೆಎಣ್ಣೆ ತಾಗಿಸಿದ ಬಟ್ಟೆಯಲ್ಲಿ ತೆಗೆದು ಕೂಡಲೇ ಶಾಂಪೂವಿನಿಂದ ತೊಳೆಯಿರಿ. ಹಲಸಿನ ಹಾಲು, ಮರದ ಅಂಟು ಸ್ಪಿರಿಟ್‌ಗೆ ಕರಗುತ್ತವೆ. ಉಳಿದದ್ದಕ್ಕೆ ಕ್ಲೇ ಬಾರ್ ಸಿಗುತ್ತದೆ, ಅಂಟಿದ ಕೊಳೆಯನ್ನು ಎತ್ತುವ ಮೆದುವಾದ ಜೇಡಿಯಂಥ ಉಂಡೆ ಅದು. ಶಾಂಪೂ ನೀರು ಚಿಮುಕಿಸಿಕೊಂಡು, ಒತ್ತದೆ ಜಾರಿಸಬೇಕು. ಕ್ಲೇ ಕೈಜಾರಿ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಬಳಸಬೇಡಿ, ಅದರಲ್ಲಿ ಸಿಕ್ಕಿದ ಒಂದು ಮರಳಿನ ಕಣ ಬಾಗಿಲಿನಷ್ಟುದ್ದ ಗೀರಬಲ್ಲದು.

ಲಕ್ಷಣ: ಗೆರೆಗಳು

ಕಾಫಿ ರೆಂಬೆಯ ಗೆರೆಗಳು ದೂರದಿಂದ ಭಯಂಕರವಾಗಿ ಕಾಣುತ್ತವೆ. ಕಪ್ಪು, ಕೆಂಪು, ಗಾಢ ನೀಲಿ ಕಾರುಗಳಲ್ಲಂತೂ ಬೆಳ್ಳಗೆ ಎದ್ದು ತೋರುತ್ತವೆ. ಹೆದರಬೇಡಿ, ಎರಡು ಪರೀಕ್ಷೆ ಮಾಡಿ.

ಗೆರೆಯ ಮೇಲೆ ಸ್ವಲ್ಪ ನೀರು ಸುರಿಯಿರಿ. ನೀರಿದ್ದಷ್ಟು ಹೊತ್ತು ಗೆರೆ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಲ್ಯಾಕರಿನ ಮೇಲಷ್ಟೇ ಇದೆ. ನೀರು ಸಂದು ತುಂಬಿದಾಗ ಬೆಳಕು ಚದುರುವುದಿಲ್ಲ, ಅದಕ್ಕೇ ಕಾಣೆಯಾಗುತ್ತದೆ. ಪಾಲಿಶ್ ಆ ಸಂದಿನ ಅಂಚುಗಳನ್ನು ಮಟ್ಟ ಮಾಡಿ ಶಾಶ್ವತವಾಗಿ ಅದೇ ಪರಿಣಾಮ ಕೊಡುತ್ತದೆ. ನೀರಿನಡಿಯಲ್ಲೂ ಗೆರೆ ಕಂಡರೆ ಬಣ್ಣದ ಪದರಕ್ಕೆ ಇಳಿದಿದೆ.

ಇನ್ನೊಂದು, ಉಗುರಿನ ಪರೀಕ್ಷೆ. ಗೆರೆಗೆ ಅಡ್ಡವಾಗಿ ಉಗುರನ್ನು ಹಗುರವಾಗಿ ಎಳೆಯಿರಿ. ಉಗುರು ತಡೆಯದೆ ಹೋದರೆ ಪಾಲಿಶಿಗೆ ಹೋಗುತ್ತದೆ. ಸ್ವಲ್ಪ ತಡೆದರೆ ಮಂಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಉಗುರು ಸಿಕ್ಕಿಕೊಂಡರೆ ಪಾಲಿಶ್ ಮಾಡುವ ಯೋಚನೆ ಬಿಟ್ಟುಬಿಡಿ. ಅಷ್ಟು ಆಳವನ್ನು ಮಟ್ಟ ಮಾಡಲು ಸುತ್ತಲಿನ ಲ್ಯಾಕರನ್ನೆಲ್ಲ ತಿನ್ನಬೇಕಾಗುತ್ತದೆ.

ಬಿಸಿಲಿನಲ್ಲಿ ಅಥವಾ ರಾತ್ರಿ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಜೇಡರ ಬಲೆಯಂಥ ಸುತ್ತು ಗೆರೆಗಳು ಕಾಣುತ್ತವಲ್ಲ, ಅವು ಒಣ ಬಟ್ಟೆಯಿಂದ ದಿನಾ ಧೂಳು ಒರೆಸಿದ್ದರ ಫಲ. ಅವು ತೀರ ಮೇಲಿನವು. ಕಾರಿಗೆ ವಯಸ್ಸಾದಂತೆ ತೋರಿಸುವುದೂ ಅವೇ, ಸುಲಭವಾಗಿ ಹೋಗುವುದೂ ಅವೇ.

ಪಾಲಿಶ್ ಮಾಡುವಾಗ ಇಡೀ ಕಾರಿಗೆ ಕೈ ಹಾಕಬೇಡಿ. ಮಾಸ್ಕಿಂಗ್ ಟೇಪಿನಿಂದ ಒಂದು ಅಡಿ ಚೌಕ ಗುರುತು ಮಾಡಿಕೊಂಡು, ಅತಿ ನುಣುಪಾದ ಪಾಲಿಶಿನಿಂದ ಮೊದಲು ಪ್ರಯತ್ನಿಸಿ. ಸಾಲದಿದ್ದರೆ ಮಾತ್ರ ಅದಕ್ಕಿಂತ ಒರಟಾದ ಕಾಂಪೌಂಡ್. ಅದೂ ಸಾಲದಿದ್ದರಷ್ಟೇ 2000 ಅಥವಾ 3000 ನಂಬರಿನ ವಾಟರ್ ಪೇಪರ್, ಅದನ್ನು ಅನುಭವವಿರುವವರ ಕೈಗೆ ಬಿಡುವುದು ಮೇಲು. ಚೌಕದೊಳಗೆ ಫಲ ಕೊಟ್ಟ ಕ್ರಮವನ್ನೇ ಉಳಿದ ಕಡೆ ಅನುಸರಿಸಿ. ಪ್ಯಾನೆಲ್ಲಿನ ಅಂಚು ಮತ್ತು ಏಣುಗಳಲ್ಲಿ ಪೇಂಟ್ ತೆಳುವಾಗಿರುತ್ತದೆ, ಅಲ್ಲಿ ಟೇಪ್ ಹಚ್ಚಿಡಿ. ಬಫಿಂಗ್ ಮೆಷಿನ್ ಹಿಡಿದವರು ಆತುರಗಾರರಾಗಿದ್ದರೆ ಬಾನೆಟ್ಟಿನ ಏಣಿನಲ್ಲಿ ಬಣ್ಣ ಸುಟ್ಟು ಪ್ರೈಮರ್ ಕಾಣುವುದಕ್ಕೆ ಕೆಲವೇ ಸೆಕೆಂಡು ಸಾಕು.

ಬಟ್ಟೆಯ ಮೇಲೂ ಕಣ್ಣಿಡಿ. ಬಿಳಿ ಬಟ್ಟೆಯಲ್ಲಿ ಪಾಲಿಶ್ ಉಜ್ಜಿದಾಗ ಕಾರಿನ ಬಣ್ಣ ಬಟ್ಟೆಗೆ ಬಂದರೆ ನಿಮ್ಮ ಕಾರಿಗೆ ಲ್ಯಾಕರ್ ಇಲ್ಲ, ಒಂದೇ ಪದರದ ಪೇಂಟ್ ಇದೆ ಎಂದು ತಿಳಿಯಬೇಕು. ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ, ಹೆದರುವುದೇನಿಲ್ಲ. ಆದರೆ ಲ್ಯಾಕರ್ ಇರುವ ಮೆಟಾಲಿಕ್ ಕಾರಿನಲ್ಲಿ ಬಣ್ಣ ಬಟ್ಟೆಗೆ ಬಂದರೆ ಆ ಜಾಗದಲ್ಲಿ ಲ್ಯಾಕರ್ ಮುಗಿದಿದೆ. ಕೂಡಲೇ ನಿಲ್ಲಿಸಿ.

ಲಕ್ಷಣ: ನೀಲಿ ಬೆರೆತ ಬಿಳಿ ಕಲೆಗಳು

ಇದು ನಮ್ಮ ಸೀಮೆಯದೇ ತೊಂದರೆ. ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗ ಬಾರದಿರಲೆಂದೂ ಕಾಫಿಗೆ ಎಲೆ ತುಕ್ಕು ರೋಗ ತಗುಲದಿರಲೆಂದೂ ಬೋರ್ಡೋ ಹೊಡೆಯುತ್ತಾರೆ. ಅಡಿಕೆಗಾದರೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎಲೆಯ ಮೇಲೆ ಮಳೆಗೂ ಜಗ್ಗದೆ ಕೂರಬೇಕೆಂದೇ ಮಾಡಿದ ದ್ರಾವಣವದು. ಅಡಿಕೆ ಮರದಡಿ ನಿಲ್ಲಿಸಿದ ಕಾರಿನ ಮೇಲೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಶಾಂಪೂವಿಗೆ ಹೋಗುವುದಿಲ್ಲ, ಒಣಗಿದ್ದನ್ನು ಉಜ್ಜಿದರೆ ಸುಣ್ಣದ ಕಣಗಳೇ ಗೀರುತ್ತವೆ.

ಪತ್ತೆ ಮಾಡುವುದು ಸುಲಭ. ಬಿಳಿ ವಿನೆಗರನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ ಹತ್ತಿಯಲ್ಲಿ ಅದ್ದಿ, ಒಂದು ಕಲೆಯ ಮೇಲೆ ಇಟ್ಟುನೋಡಿ. ಸುಣ್ಣವಾದರೆ ಎರಡು ನಿಮಿಷದಲ್ಲಿ ಮೆದುವಾಗಿ ಹತ್ತಿಗೆ ತಿಳಿ ನೀಲಿ ಹತ್ತುತ್ತದೆ. ಹಾಗಾದರೆ ಅದೇ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕಲೆಗಳ ಮೇಲೆ ಹಾಸಿ, ಐದು ನಿಮಿಷ ಬಿಟ್ಟು, ಉಜ್ಜದೆ ಎತ್ತಿ, ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ನೆರಳಿನಲ್ಲೇ ಮಾಡಿ, ವಿನೆಗರ್ ಬಣ್ಣದ ಮೇಲೆ ಒಣಗಬಾರದು. ಪೇಂಟ್ ಹಾರಿ ಕಬ್ಬಿಣ ಕಾಣುವ ಜಾಗಕ್ಕೆ ಮಾತ್ರ ಇದನ್ನು ತಾಗಿಸಬೇಡಿ. ಹುಳಿಗೆ ಕರಗಿದ ತಾಮ್ರ ಬರಿ ಕಬ್ಬಿಣಕ್ಕೆ ತಗುಲಿದರೆ ತುಕ್ಕು ಬೇಗ ಹಿಡಿಯುತ್ತದೆ.

ಗುಂಡಗಿನ ಬಿಳಿ ಉಂಗುರಗಳು ಕಂಡರೆ ಅವು ಬೋರ್‌ವೆಲ್ ನೀರಿನ ಕಲೆಗಳು. ಕಡೂರು, ಅರಸೀಕೆರೆ ಕಡೆಯ ಗಡಸು ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಲು ಬಿಟ್ಟ ಕಾರುಗಳಲ್ಲಿ ಇವು ಹೆಚ್ಚು. ಅದೇ ವಿನೆಗರ್ ಉಪಾಯ ಇಲ್ಲೂ ನಡೆಯುತ್ತದೆ. ಹೋಗದಿದ್ದರೆ ಉಂಗುರ ಲ್ಯಾಕರಿನೊಳಗೆ ಕೊರೆದಿದೆ, ಪಾಲಿಶ್ ಬೇಕು. ಹಕ್ಕಿಯ ಹಿಕ್ಕೆಯ ಗುರುತೂ ಹೀಗೆಯೇ: ಮೇಲಿನ ಕಲೆ ಹೋದರೂ ಅಡಿಯಲ್ಲಿ ಸುಕ್ಕಾದ ಅಚ್ಚು ಉಳಿದರೆ ಆಮ್ಲ ಲ್ಯಾಕರನ್ನು ತಿಂದಿದೆ. ತೆಳು ಅಚ್ಚು ಪಾಲಿಶಿಗೆ ಹೋಗುತ್ತದೆ, ಬಿರುಕು ಬಿಟ್ಟದ್ದು ಹೋಗುವುದಿಲ್ಲ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಗೆ ಮಳೆಯ) ನಂತರ ತೋಟದ ಬಳಿ ನಿಂತ ಕಾರಿನ ಮೇಲೆ ಬೀಳುವ ಹಳದಿ ಚುಕ್ಕೆಗಳು ಜೇನ್ನೊಣಗಳ ಹಿಕ್ಕೆ. ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಸಾಕು.

ಲಕ್ಷಣ: ಮಂಕು ಮತ್ತು ಸಿಪ್ಪೆ

ಛಾವಣಿ, ಬಾನೆಟ್, ಡಿಕ್ಕಿಯ ಮೇಲ್ಭಾಗ ಮಂಕಾಗಿ ಬಾಗಿಲುಗಳು ಚೆನ್ನಾಗಿದ್ದರೆ ಅದು ಬಿಸಿಲಿನ ಕೆಲಸ. ಹಾಸನದ ಬಯಲು ಸೀಮೆಯಲ್ಲಿ ವರ್ಷಗಟ್ಟಲೆ ಬಯಲಲ್ಲೇ ನಿಂತ ಕೆಂಪು ಕಾರುಗಳಲ್ಲಿ ಇದನ್ನು ಹೆಚ್ಚು ನೋಡುತ್ತೇನೆ. ಮಂಕು ಎಲ್ಲೆಡೆ ಒಂದೇ ಸಮನಾಗಿದ್ದು, ಕೈಗೆ ನುಣ್ಣಗಿದ್ದರೆ ಒಂದಡಿ ಚೌಕದ ಪಾಲಿಶ್ ಪರೀಕ್ಷೆ ಮಾಡಿ. ಹೊಳಪು ಮರಳಿದರೆ ನೀವು ಅದೃಷ್ಟವಂತರು.

ಮಂಕು ತೇಪೆತೇಪೆಯಾಗಿದ್ದು, ಒಂದೊಂದು ತೇಪೆಗೂ ಹರಿದ ಕಾಗದದಂಥ ಬಿಳಿ ಅಂಚು ಇದ್ದರೆ ಕತೆ ಬೇರೆ. ಅಂಚಿನ ಮೇಲೆ ಉಗುರು ಎಳೆದುನೋಡಿ. ಮೆಟ್ಟಿಲಿನಂತೆ ತಡೆದರೆ, ಚೂರು ಎದ್ದು ಬಂದರೆ ಲ್ಯಾಕರ್ ಕಿತ್ತು ಹೋಗುತ್ತಿದೆ. ಇದಕ್ಕೆ ಯಾವ ಪಾಲಿಶೂ ಇಲ್ಲ, ವ್ಯಾಕ್ಸೂ ಇಲ್ಲ, ಕೋಟಿಂಗೂ ಇಲ್ಲ. ಒದ್ದೆ ಮಾಡಿದಾಗ ಚೆನ್ನಾಗಿ ಕಾಣುವುದರಿಂದ ಇದನ್ನೂ ಪಾಲಿಶಿಗೆ ಹೋಗುವ ದೋಷ ಎಂದು ಅನೇಕರು ಹಣ ಕಳೆದುಕೊಳ್ಳುತ್ತಾರೆ, ಅದಕ್ಕಾಗಿಯೇ ಉಗುರಿನ ಪರೀಕ್ಷೆಯನ್ನು ಒತ್ತಿ ಹೇಳುತ್ತಿದ್ದೇನೆ. ಕಿತ್ತ ಲ್ಯಾಕರಿನ ಮೇಲೆ ಹೊಸ ಲ್ಯಾಕರ್ ಹೊಡೆದರೂ ಅಡಿಯ ಸಡಿಲ ಪದರದ ಜೊತೆಗೇ ಅದೂ ಏಳುತ್ತದೆ. ಆ ಪ್ಯಾನೆಲ್ಲನ್ನು ಪೂರ್ತಿ ತಿಕ್ಕಿ, ಬಣ್ಣ ಮತ್ತು ಲ್ಯಾಕರ್ ಎರಡನ್ನೂ ಹೊಸದಾಗಿ ಹೊಡೆಸಬೇಕು. ಒಂದು ಛಾವಣಿಗಷ್ಟೇ ಇದ್ದರೆ ಹೊಡೆಸಿ. ಎಲ್ಲ ಕಡೆ ಶುರುವಾಗಿದ್ದರೆ ಹಾಗೆಯೇ ತೋರಿಸಿ, ಬೆಲೆಯಲ್ಲಿ ಬಿಟ್ಟುಕೊಡುವುದೇ ಲಾಭ.

ಲಕ್ಷಣ: ಗುಳ್ಳೆ ಮತ್ತು ಕಂದು ಚುಕ್ಕೆ

ನಮ್ಮ ಕಡೆಯ ಕಾರುಗಳಲ್ಲಿ ಬೆಲೆ ಇಳಿಸುವ ನಿಜವಾದ ದೋಷ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲದ ಕಾರುಗಳು ಬಾಗಿಲಿನ ಕೆಳ ಅಂಚಿನಲ್ಲಿ, ಚಕ್ರದ ಕಮಾನಿನ ತುಟಿಯಲ್ಲಿ, ಡಿಕ್ಕಿಯ ನಂಬರ್ ಪ್ಲೇಟಿನ ಸುತ್ತ ಉಬ್ಬುತ್ತವೆ.

ಬಾಗಿಲು ತೆರೆದು ಅಡಿಯ ಅಂಚಿನಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಹುಡುಕಿ. ಸಿಲ್ವರ್ ಓಕ್ ಎಲೆಯ ಚೂರು, ಮಣ್ಣು ಸೇರಿ ಅವು ಕಟ್ಟಿಕೊಂಡಿರುತ್ತವೆ. ಪ್ಲಾಸ್ಟಿಕ್ ಕಡ್ಡಿಯಿಂದ ಚುಚ್ಚಿ. ಒಳಗಿನಿಂದ ಕಂದು ನೀರು ಇಳಿದರೆ ತುಕ್ಕು ಒಳಗಿನಿಂದ ಬರುತ್ತಿದೆ. ಹೊರಗೆ ಎಷ್ಟು ಪೇಂಟ್ ಹೊಡೆದರೂ ಅದು ನಿಲ್ಲುವುದಿಲ್ಲ.

ಗುಳ್ಳೆಯ ತಲೆಯನ್ನು ಸೂಜಿಯಿಂದ ಒಡೆದು ನೋಡಿ. ಕಂದು ಪುಡಿ ಬಂದರೆ ತುಕ್ಕು. ಒಳಗೆ ಬೂದು ಪ್ರೈಮರ್ ಅಥವಾ ಹಳೆಯ ಬಣ್ಣ ಶುಭ್ರವಾಗಿ ಕಂಡರೆ, ಹಿಂದೆ ಯಾರೋ ತೇವವಿರುವಾಗಲೋ ಸರಿಯಾಗಿ ತಿಕ್ಕದೆಯೋ ಪೇಂಟ್ ಹೊಡೆದಿದ್ದಾರೆ. ಎರಡನೆಯದು ಅಂದದ ಪ್ರಶ್ನೆ, ಮೊದಲನೆಯದು ತಗಡಿನ ಪ್ರಶ್ನೆ. ತುಕ್ಕಿನ ಜಾಗವನ್ನು ಹಿಂಬದಿಯಿಂದ ಹೆಬ್ಬೆರಳಿನಿಂದ ಒತ್ತಿ. ತಗಡು ಮೆತ್ತಗೆ ಬಗ್ಗಿದರೆ ತೂತಾಗಲು ಹೆಚ್ಚು ದಿನವಿಲ್ಲ. ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸವದು.

ತಗಡು ಗಟ್ಟಿಯಾಗಿದ್ದರೆ ಕ್ರಮ ಹೀಗೆ. ಒರಟು ಕಾಗದದಿಂದ ಹೊಳೆಯುವ ಲೋಹ ಕಾಣುವವರೆಗೆ ತಿಕ್ಕಬೇಕು. ಕುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ ಒಣಗಿಸಬೇಕು. ಆಮೇಲೆ ಎಪಾಕ್ಸಿ ಪ್ರೈಮರ್. ಪುಟ್ಟಿ ಬೇಕಿದ್ದರೆ ಪ್ರೈಮರಿನ ಮೇಲೆ, ಆಮೇಲೆ ಬಣ್ಣ, ಲ್ಯಾಕರ್. ಅಗ್ಗದ ಕೆಲಸದಲ್ಲಿ ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತುತ್ತಾರೆ. ಪುಟ್ಟಿ ತೇವ ಹೀರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಳ್ಳೆ ಹೊಸ ಮಾಲೀಕರ ಅಂಗಳದಲ್ಲಿ ಮೇಲೇಳುತ್ತದೆ. ಹಾಗೆ ಮುಚ್ಚಿ ಮಾರುವುದು ಮೋಸ. ಇಂಥ ಸಣ್ಣ ಊರುಗಳಲ್ಲಿ ಕೊಂಡವರು ನಾಳೆ ಸಂತೆಯಲ್ಲೋ ಮದುವೆ ಮನೆಯಲ್ಲೋ ಎದುರಾಗುತ್ತಾರೆ.

ಜಲ್ಲಿ ಸಿಡಿದ ಚುಕ್ಕೆಗಳಿಗೆ ಇಷ್ಟು ದೊಡ್ಡ ಕೆಲಸ ಬೇಡ. ಕಾರಿನ ಬಣ್ಣದ ಕೋಡ್ ಬಾಗಿಲ ಕಂಬದ ಅಥವಾ ಬಾನೆಟ್ಟಿನೊಳಗಿನ ಫಲಕದ ಮೇಲೆ ಇರುತ್ತದೆ; ಅದನ್ನು ತೋರಿಸಿ ಟಚಪ್ ಬಾಟಲಿ ತನ್ನಿ. ಚುಕ್ಕೆಯೊಳಗಿನ ತುಕ್ಕನ್ನು ಕೆರೆದು, ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ. ಬಾಟಲಿಯ ಬ್ರಷ್ ದಪ್ಪ. ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಹನಿ ತೆಗೆದು ಕುಳಿಯ ನಡುವೆ ಬಿಟ್ಟರೆ ಅದೇ ಅಂಚಿನವರೆಗೆ ಹರಡಿಕೊಳ್ಳುತ್ತದೆ. ಒಣಗಿದಾಗ ಕುಗ್ಗುವುದರಿಂದ ಎರಡು ಮೂರು ಸಲ ತುಂಬಬೇಕು. ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ, ಅದರ ಸಣ್ಣ ಚುಕ್ಕೆಗಳನ್ನು ಬಿಟ್ಟರೂ ನಡೆಯುತ್ತದೆ.

ಹಿಂದೆ ಪೇಂಟ್ ಆಗಿದೆಯೇ?

ನೀವು ಎರಡನೇ ಮಾಲೀಕರಾಗಿದ್ದರೆ ಇದನ್ನು ತಿಳಿದುಕೊಳ್ಳಲೇಬೇಕು, ಏಕೆಂದರೆ ಕೊಳ್ಳಲು ಬರುವವರು ಕೇಳುತ್ತಾರೆ. ಬಾಗಿಲಿನ ರಬ್ಬರ್ ಸರಿಸಿ ನೋಡಿ, ಬಣ್ಣದ ತುಂತುರೋ ಟೇಪಿನ ಗೆರೆಯೋ ಇದ್ದರೆ ಪೇಂಟ್ ಆಗಿದೆ. ಹಿಂಜಿನ ಬೋಲ್ಟುಗಳ ಮೇಲಿನ ಬಣ್ಣ ಬಿರಿದಿದ್ದರೆ ಪ್ಯಾನೆಲ್ ಬಿಚ್ಚಿದ್ದಾರೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಸರಿಸಿದರೆ, ಪುಟ್ಟಿ ದಪ್ಪಗಿರುವ ಕಡೆ ಹಿಡಿತ ತಪ್ಪುತ್ತದೆ. ಕಾರು ತೊಳೆದು ಪಾಲಿಶ್ ಮಾಡುವ ಡಿಟೇಲಿಂಗ್ ಅಂಗಡಿಯಲ್ಲಿ ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಖಚಿತ: ಉಳಿದ ಕಡೆ 120 ಮೈಕ್ರಾನ್ ತೋರಿಸಿ ಒಂದು ಬಾಗಿಲು ಮಾತ್ರ 250 ತೋರಿಸಿದರೆ ಅದಕ್ಕೆ ಮರುಪೇಂಟ್ ಆಗಿದೆ, 600 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಮರುಪೇಂಟ್ ಆದ ಜಾಗವನ್ನು ಪಾಲಿಶ್ ಮಾಡುವ ಮುನ್ನ ಮರೆಯಲ್ಲಿರುವ ಮೂಲೆಗೆ ಥಿನ್ನರ್ ಅದ್ದಿದ ಬಟ್ಟೆ ತಾಗಿಸಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಅದು ಹಾರ್ಡ್‌ನರ್ (ಪೇಂಟನ್ನು ಗಟ್ಟಿಯಾಗಿಸುವ ದ್ರವ) ಬೆರೆಸದ ಅಗ್ಗದ ಪೇಂಟ್, ಬಫಿಂಗಿನ ಬಿಸಿ ತಡೆಯುವುದಿಲ್ಲ.

ಪೇಂಟ್ ಹೊಡೆಸಲೇಬೇಕಾದಾಗ

ಮಳೆಗಾಲದಲ್ಲಿ ಹೊಡೆಸಬೇಡಿ. ಗಾಳಿಯ ತೇವ ಪೇಂಟಿನಡಿ ಸಿಕ್ಕಿಕೊಂಡರೆ ಲ್ಯಾಕರ್ ಹಾಲುಹಾಲಾಗುತ್ತದೆ, ಕೆಲವು ತಿಂಗಳಲ್ಲಿ ಸಣ್ಣ ಗುಳ್ಳೆಗಳೂ ಏಳುತ್ತವೆ. ಬಿಸಿಗಾಳಿಯ ಬೂತ್ ಇರುವ ಕಡೆ ಈ ಭಯ ಕಡಿಮೆ. ತೆರೆದ ಶೆಡ್ಡಿನಲ್ಲಾದರೆ ಜನವರಿಯಿಂದ ಮಾರ್ಚ್‌ವರೆಗಿನ ಒಣ ಹಗಲುಗಳು ಸರಿ, ಅದೂ ಇಬ್ಬನಿ ಆರಿದ ಮೇಲೆ. ಬೆಳ್ಳಿ ಮತ್ತು ಪರ್ಲ್ ಬಣ್ಣಗಳು ಕೋಡ್ ಹೊಂದಿದರೂ ಪಕ್ಕದ ಪ್ಯಾನೆಲ್ಲಿಗಿಂತ ಬೇರೆಯಾಗಿಯೇ ಕಾಣುತ್ತವೆ. ಪಕ್ಕದ ಪ್ಯಾನೆಲ್ಲಿನೊಳಕ್ಕೂ ಬಣ್ಣವನ್ನು ತೆಳುವಾಗಿ ಬೆರೆಸುತ್ತೀರಾ ಎಂದು ಪೇಂಟರನ್ನು ಮೊದಲೇ ಕೇಳಿ. ಹೊಸ ಪೇಂಟಿಗೆ ಒಂದು ತಿಂಗಳು ವ್ಯಾಕ್ಸ್ ಹಚ್ಚಬೇಡಿ.

ವಿಮೆಯಲ್ಲಿ ಮಾಡಿಸೋಣ ಎನ್ನುವವರು ಒಂದು ಲೆಕ್ಕ ಹಾಕಿಕೊಳ್ಳಲಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ 20 ಪ್ರತಿಶತದಿಂದ ಶುರುವಾಗಿ 50ರವರೆಗೆ ಏರುತ್ತದೆ, ಅದು ಕಾರಿಗಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರು ಮಾರಿ ಹೊಸದು ಕೊಳ್ಳುವಾಗ ಅದನ್ನು ಕೊಂಡೊಯ್ಯಬಹುದು. ಮಾರುವ ಕಾರಿನ ಒಂದು ಬಾಗಿಲಿಗಾಗಿ ಕ್ಲೇಮ್ ಮಾಡಿ ಅದನ್ನು ಕಳೆದುಕೊಳ್ಳುವುದು ನಷ್ಟ.

ಕೆಲಸ ಶುರು ಮಾಡುವ ಮುನ್ನ ದೋಷಗಳ ಫೋಟೊ ತೆಗೆದಿಡಿ, ತುಕ್ಕು ತಿಕ್ಕಿ ಲೋಹ ಕಂಡಾಗ ಒಂದು, ಪ್ರೈಮರ್ ಆದ ಮೇಲೆ ಒಂದು. ಬಿಲ್ ಜೊತೆಗೆ ಅವನ್ನು ಕೊಳ್ಳುವವರ ಮುಂದಿಡಿ. ಉಳಿದ ಗೆರೆಗಳನ್ನೂ ನೀವೇ ಬೆರಳಿಟ್ಟು ತೋರಿಸಿ. ಅವರೇ ಹುಡುಕಿ ತೆಗೆದರೆ ಚೌಕಾಸಿ ಅಲ್ಲಿಂದಲೇ ಶುರುವಾಗುತ್ತದೆ. ಇನ್ನು ಕಾರಿನ ಬಣ್ಣವನ್ನೇ ಬದಲಿಸಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಹೊಸ ಬಣ್ಣ ನಮೂದು ಮಾಡಿಸಿ. ಆರ್‌ಸಿಯಲ್ಲಿ ಬಿಳಿ, ಎದುರಿಗೆ ಬೂದು ಕಾರು ಎಂದಿದ್ದರೆ ಫಾರಂ 29, ಫಾರಂ 30 ಭರ್ತಿ ಮಾಡಿ ಕೊಟ್ಟರೂ ಹೆಸರು ವರ್ಗಾವಣೆಗೆ ತೊಡಕಾಗುತ್ತದೆ.